ಕಾರು ಬಾರದ ದಾರಿಯಲ್ಲಿ ಫಖರುನ್ನಿಸಾ ಆಪಾ

ಸ್ಯಾನ್ ಹೋಸೆಯ ಬೆರ್ರಿಯೆಸಾ ಬಡಾವಣೆಯ ನಮ್ಮ ಬೀದಿಯಲ್ಲಿ ಮೂಲೆ ಅಂಗಡಿಯಿಂದ ಹಾಲು ತರಬೇಕಾದರೂ ಜನ ಕಾರು ತೆಗೆಯುತ್ತಾರೆ. ಅಂಥ ಬೀದಿಯಲ್ಲಿದ್ದುಕೊಂಡು ಐವತ್ತು ದಾಟಿದ ಮೇಲೆ ಸೈಕಲ್ ಕಲಿತವರು ನಮ್ಮ ಪಕ್ಕದ ಮನೆಯ ಫಖರುನ್ನಿಸಾ ಆಪಾ. ಹುಟ್ಟಿ ಬೆಳೆದದ್ದು ಮೈಸೂರಿನ ಮಂಡಿಮೊಹಲ್ಲಾದಲ್ಲಿ. ಇಲ್ಲಿಗೆ ಬಂದ ಮೇಲೆ ವರ್ಷಗಟ್ಟಲೆ ಒಂದು ಡೇಕೇರಿನಲ್ಲಿ ಕಂಡವರ ಮಕ್ಕಳ ಮೂಗು ಒರೆಸಿ, ಹಟ ಬಿಡಿಸಿ, ಮಲಗಿಸಿದ್ದಾರೆ. ಮನೆಯೊಳಗೆ ಉರ್ದು, ನನ್ನ ಜೊತೆ ಅಪ್ಪಟ ಮೈಸೂರು ಕನ್ನಡ. ನಾನು ನಿರುಪಮಾ. ವಯಸ್ಸಿನಲ್ಲಿ ಅವರಿಗಿಂತ ತುಂಬಾ ಚಿಕ್ಕವಳು, ಸೋಮಾರಿತನದಲ್ಲಿ ತುಂಬಾ ದೊಡ್ಡವಳು.

ಆಪಾ ಅವರ ಯಜಮಾನರು ಅನ್ವರ್ ಭಾಯ್, ಸ್ಯಾನ್ ಹೋಸೆಯಲ್ಲಿ ಕಾರು ರಿಪೇರಿ ಗ್ಯಾರೇಜು ನಡೆಸಿ ನಿವೃತ್ತರಾದವರು. ಹೆಂಡತಿ ಎಂದರೆ ಪ್ರಾಣ. ಆ ಪ್ರಾಣವನ್ನೆಲ್ಲ ಅವರು ಕಾರಿನಲ್ಲೇ ತೋರಿಸುತ್ತಾರೆ. ಡೇಕೇರಿಗೆ ಬಿಟ್ಟು ಬರುವುದು, ಡೇಕೇರಿನಿಂದ ಕರೆತರುವುದು, ಗ್ರೋಸರಿ, ಮಸೀದಿ, ಹಲ್ಲಿನ ಡಾಕ್ಟರು, ಎಲ್ಲಕ್ಕೂ ಭಾಯ್ ಹೊರಗೆ ಎಂಜಿನ್ ಆನ್ ಮಾಡಿಕೊಂಡು ಕಾದಿರುತ್ತಾರೆ. ಭಾಯ್ ಒಬ್ಬರನ್ನೇ ಏಕೆ ಅನ್ನಲಿ, ಇಲ್ಲಿರುವ ನಮ್ಮವರಲ್ಲಿ ಡ್ರಾಪು-ಪಿಕಪ್ಪು ಇಲ್ಲದ ಪ್ರೀತಿಯೇ ಇಲ್ಲ. ನಾನು ಏರ್‌ಪೋರ್ಟಿಗೆ ಟ್ಯಾಕ್ಸಿಯಲ್ಲಿ ಹೋದರೆ ನನ್ನ ಗಂಡ ಶೇಷಾದ್ರಿ ವಾರವಿಡೀ ಮುಖ ಊದಿಸಿಕೊಂಡಿರುತ್ತಾರೆ.

ಆಪಾ ಸೈಕಲ್ಲಿಗೆ ಬಿದ್ದದ್ದು ಮಗಳು ರುಮಾನಾಳಿಂದ. ಅವಳು ಮೌಂಟನ್ ವ್ಯೂನಲ್ಲಿ ಅಪಾರ್ಟ್‌ಮೆಂಟು ಮಾಡಿಕೊಂಡು ಸೈಕಲ್ಲಿನಲ್ಲೇ ಆಫೀಸಿಗೆ ಹೋಗಿ ಬರುವ ಹುಡುಗಿ. ಹೊಸ ಸೈಕಲ್ ಕೊಂಡಾಗ ಹಳೆಯದನ್ನು ಅಮ್ಮನ ಮನೆಯ ಗ್ಯಾರೇಜಿನಲ್ಲಿ ತಂದಿಟ್ಟಳು. ಭಾನುವಾರ ಬೆಳಿಗ್ಗೆ ಖಾಲಿ ಬಿದ್ದಿರುತ್ತಿದ್ದ ಒಂದು ಪಾರ್ಕಿಂಗ್ ಲಾಟಿನಲ್ಲಿ ಆಪಾ ಅದನ್ನು ಹತ್ತಿದರು, ನಾನು ಸೀಟು ಹಿಡಿದು ಹಿಂದೆ ಓಡಿದೆ. ಕಲಿತದ್ದೇನೋ ಬೇಗ. ಆದರೆ ಮೊದಲ ಸಲ ರಸ್ತೆಗಿಳಿದಾಗ ಹಿಂದಿನಿಂದ ಹಾರ್ನ್ ಹೊಡೆದ ಟ್ರಕ್ಕಿಗೆ ಬೆದರಿ ಯಾರದೋ ಮನೆಯ ಗುಲಾಬಿ ಗಿಡದೊಳಗೆ ನುಗ್ಗಿದರು. ಮುಳ್ಳು ಕಿತ್ತದ್ದೂ ನಾನೇ.

“ನೋ ಕಾರ್ಸ್, ಅಮ್ಮಿ. ಜಸ್ಟ್ ರಿವರ್ ಆಂಡ್ ವೈನ್‌ಯಾರ್ಡ್ಸ್,” ಎಂದು ರುಮಾನಾ ಒಂದು ದಿನ ಫೋನಿನಲ್ಲಿ ಚಿತ್ರಗಳನ್ನು ತೋರಿಸಿದಳು. ಫ್ರಾನ್ಸಿನ ಲ್ವಾರ್ ನದಿಯ ದಂಡೆ. ನದಿಯ ಪಕ್ಕದಲ್ಲೇ ಸೈಕಲ್ಲಿಗೆಂದು ಮಾಡಿದ ದಾರಿ, ಆಚೆ ಬದಿ ದ್ರಾಕ್ಷಿ ತೋಟ, ನಡುವೆ ಸಣ್ಣ ಸಣ್ಣ ಊರು. ದ್ರಾಕ್ಷಿ ತೋಟ ನಮ್ಮ ನಾಪಾದಲ್ಲೂ ಇದೆ. ಆದರೆ ಶನಿವಾರ ಬಂತೆಂದರೆ ಅಲ್ಲಿ ರಸ್ತೆ ತುಂಬ ಕಾರು, ಕಾರಿನೊಳಗೆ ನಾಲ್ಕಾರು ಕಡೆ ವೈನು ರುಚಿ ನೋಡಿ ಬಂದವರು. ಆಪಾ ಆ ಚಿತ್ರಗಳನ್ನು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದರು. ಎಲ್ಲಿಯೂ ಕಾರಿಲ್ಲ.

“ನಿರುಪಮಾ, ಹುಟ್ಟಿದಾಗಿಂದ ನನ್ನನ್ನ ಯಾರಾದ್ರೂ ಕರ್ಕೊಂಡು ಹೋಗಿದಾರೆ, ಯಾರಾದ್ರೂ ಕರ್ಕೊಂಡು ಬಂದಿದಾರೆ. ಒಂದು ಸಲನಾದ್ರೂ ಒಂದೂರಿಂದ ಇನ್ನೊಂದೂರಿಗೆ ನಾನೇ ಹೋಗಿ ಸೇರ್ಬೇಕು ಕಣಮ್ಮ,” ಎಂದರು.

ಅಷ್ಟು ಸಣ್ಣ ಆಸೆಯನ್ನು ಇಷ್ಟು ವರ್ಷ ಒಳಗಿಟ್ಟುಕೊಂಡಿದ್ದರಲ್ಲ ಎಂದು ನನಗೆ ಸಂಕಟವಾಯಿತು. ಆ ಸಂಕಟದಲ್ಲಿ ನಾನೂ ಬರುತ್ತೇನೆ ಎಂದುಬಿಟ್ಟೆ.

ಭಾಯ್ ಬೇಡ ಎನ್ನಲಿಲ್ಲ. “ಹೋಗಿ, ಖುಷಿಯಾಗಿ ಹೋಗಿ. ನಾನೂ ಬರ್ತೀನಿ. ಅಲ್ಲೊಂದು ಕಾರು ಬಾಡಿಗೆಗೆ ತಗೋತೀನಿ. ಸೂಟ್‌ಕೇಸು ಯಾರು ಹೊರೋರು?” ಎಂದರು. ಯಾವ ದಿಕ್ಕಿಗೆ ಹೋಗಬೇಕೆಂಬುದನ್ನೂ ಅವರೇ ತೀರ್ಮಾನಿಸಿದರು. “ನೀರು ಎತ್ತ ಹೋಗುತ್ತೋ ಅತ್ತ ಹೋಗಿ. ಇಳಿಜಾರಿರುತ್ತೆ. ಗಾಡಿ ನ್ಯೂಟ್ರಲ್‌ನಲ್ಲಿ ಬಿಟ್ಟಂಗೆ.” ಎಂಜಿನಿಯರಾದ ಶೇಷಾದ್ರಿ ಕೂಡ ಹೌದು ಹೌದು ಎಂದು ತಲೆಯಾಡಿಸಿದರು.

ಬೇಸಿಗೆಯಿಡೀ ಅಭ್ಯಾಸ ನಡೆಯಿತು. ಶನಿವಾರ ಮಧ್ಯಾಹ್ನ ಭಾಯ್ ನಮ್ಮಿಬ್ಬರನ್ನೂ ಸೈಕಲ್ ಸಮೇತ ಕಯೋಟಿ ಕ್ರೀಕಿನ ದಾರಿಯ ಬಾಯಿಗೆ ಬಿಡುತ್ತಿದ್ದರು. ಅದೂ ಕಾರಿಲ್ಲದ ದಾರಿ. ಹೊಳೆಯ ಜೊತೆಜೊತೆಗೆ ದಕ್ಷಿಣಕ್ಕೆ ಮಾರ್ಗನ್ ಹಿಲ್ ತನಕ ನಾವು ಹಾರಿದಂತೆ ಹೋಗುತ್ತಿದ್ದೆವು. ಅಲ್ಲಿ ಭಾಯ್ ಮೊದಲೇ ಬಂದು ಕಾದಿರುತ್ತಿದ್ದರು. ಆಪಾಗೆ ಖೀಮಾ ಪರಾಟ, ನನಗೆ ಬೇರೆ ಡಬ್ಬಿಯಲ್ಲಿ ಆಲೂಗಡ್ಡೆ ಪಲ್ಯ, ಚಮಚ ಕೂಡ ಬೇರೆ. ತಿಂದು, ಸೈಕಲ್ಲುಗಳನ್ನು ಕಾರಿನ ಹಿಂದೆ ಕಟ್ಟಿ, ಏಸಿ ಹಾಕಿಕೊಂಡು ಫ್ರೀವೇ ಹಿಡಿದು ಮನೆ. ಹೋದ ದಾರಿಯಲ್ಲಿ ಒಂದು ಶನಿವಾರವೂ ಸೈಕಲ್ಲಿನಲ್ಲಿ ಹಿಂದಿರುಗಲಿಲ್ಲ. ಮಧ್ಯಾಹ್ನದ ಹೊತ್ತು ಇಲ್ಲಿ ಗಾಳಿ ಉತ್ತರದಿಂದ ದಕ್ಷಿಣಕ್ಕೆ ಬೀಸುತ್ತದೆ, ನಮ್ಮ ಬೆನ್ನು ತಳ್ಳುತ್ತಿದ್ದುದು ಆ ಗಾಳಿ ಎಂದು ನಮಗೆ ಹೊಳೆಯಲೇ ಇಲ್ಲ. “ಎಷ್ಟು ಸ್ಟ್ರಾಂಗ್ ಆಗಿಬಿಟ್ವಿ!” ಎಂದು ಒಬ್ಬರ ಬೆನ್ನು ಒಬ್ಬರು ತಟ್ಟಿಕೊಂಡೆವು.

ಸೆಪ್ಟೆಂಬರಿನಲ್ಲಿ ಆಪಾ, ಭಾಯ್, ನಾನು ಮೂವರೂ ಲ್ವಾರ್ ದಂಡೆಗೆ ಬಂದೆವು. ಟೂರ್ ಎಂಬ ಊರಿನಿಂದ ನದಿ ಹರಿಯುವತ್ತ ಮೂರು ದಿನದ ಸವಾರಿ. ಚಿತ್ರದಲ್ಲಿ ಕಂಡದ್ದೆಲ್ಲ ಅಲ್ಲಿತ್ತು. ಅಗಲವಾದ ಸೋಮಾರಿ ನದಿ, ನಡುವೆ ಮರಳ ದಿಬ್ಬ, ಸುಣ್ಣದ ಕಲ್ಲಿನ ಮನೆಗಳು, ಸಾಲು ಸಾಲಾಗಿ ಕಪ್ಪು ದ್ರಾಕ್ಷಿ. ವೈನು ಮುಟ್ಟದ ಇಬ್ಬರು ಹೆಂಗಸರು ಆ ವೈನಿನ ಸೀಮೆಯಲ್ಲಿ ಸಂತೆಯ ದ್ರಾಕ್ಷಿ ತಿಂದುಕೊಂಡು ಹೊರಟೆವು. ಚಿತ್ರದಲ್ಲಿ ಕಾಣದ್ದೆಂದರೆ ಗಾಳಿ. ನದಿ ಹೋಗುವುದು ಸಮುದ್ರಕ್ಕೆ, ಗಾಳಿ ಬರುವುದು ಸಮುದ್ರದಿಂದ. ಭಾಯ್ ಹೇಳಿದ ಇಳಿಜಾರು ಎಲ್ಲಿತ್ತೋ ಆ ದೇವರಿಗೇ ಗೊತ್ತು. ಎದೆಗೆ ಕೈಯಿಟ್ಟು ಯಾರೋ ಹಿಂದಕ್ಕೆ ತಳ್ಳಿದಂತೆ ಆಗುತ್ತಿತ್ತು.

ಮೊದಲ ದಿನ ಅರ್ಧ ದಾರಿಗೆ, ಕಾರಿನ ರಸ್ತೆ ಬಂದು ಸೇರುವ ಕಡೆ, ಭಾಯ್ ಬುತ್ತಿಯೊಂದಿಗೆ ಪ್ರತ್ಯಕ್ಷ. ಆಪಾ ಅವರ ಮುಖ ನೋಡಿದವರೇ ಸೈಕಲ್ ಎತ್ತಿ ಕಾರಿನ ಹಿಂದೆ ಕಟ್ಟಿದರು. ಎರಡನೆಯ ದಿನವೂ ಅದೇ ಕಥೆ. ಅಂದು ಸಂಜೆ ಆಪಾ ಊಟ ಮಾಡಲಿಲ್ಲ.

“ನದೀನ ಕಾರಿನ ಕಿಟಕಿಯಿಂದ ನೋಡೋಕೆ ಇಷ್ಟು ದೂರ ಬಂದ್ನಾ? ನಾಳೆ ನೀವು ಬರ್ಬೇಡಿ,” ಎಂದರು ಗಂಡನಿಗೆ.

“ನೀನು ಸುಸ್ತಾಗಿ ದಾರೀಲಿ ಕೂತ್ರೆ?”

“ಕೂತ್ರೆ ಕೂತೆ.”

ಭಾಯ್ ಪೆಚ್ಚಾದರು. ಕೊನೆಯ ದಿನ ಬೆಳಿಗ್ಗೆ ಬುತ್ತಿಯನ್ನು ನಮ್ಮ ಕೈಗೇ ಕೊಟ್ಟರು.

ಅಂದೇ ಗಾಳಿ ಎಲ್ಲಕ್ಕಿಂತ ಜೋರು. ಮಧ್ಯಾಹ್ನದ ಹೊತ್ತಿಗೆ ನನ್ನ ತೊಡೆಗಳು ಕಲ್ಲಾಗಿದ್ದವು. ಆಪಾ ಒಂದು ದ್ರಾಕ್ಷಿ ತೋಟದ ಅಂಚಿನಲ್ಲಿ ಸೈಕಲ್ ಮಲಗಿಸಿ ಹುಲ್ಲಿನ ಮೇಲೆ ಕೂತುಬಿಟ್ಟರು. ಆಮೇಲೆ ಫೋನ್ ತೆಗೆದು ಗಂಡನಿಗೆ, “ಬಂದುಬಿಡಿ, ನನ್ನ ಕೈಲಾಗಲ್ಲ,” ಎಂದರು. ಕಣ್ಣಲ್ಲಿ ನೀರು. ನನಗೆ ಅವರ ಮುಖ ನೋಡಲಾಗಲಿಲ್ಲ. ಮನಸ್ಸಿನ ಒಂದು ಮೂಲೆಯಲ್ಲಿ, ಸದ್ಯ ಕಾರು ಬರುತ್ತದಲ್ಲ ಎಂದು ಹಾಯೆನಿಸಿದ್ದೂ ನಿಜ.

ಆದರೆ ಕಾರು ಬರಲಿಲ್ಲ. ಭಾಯ್ ಮತ್ತೆ ಫೋನ್ ಮಾಡಿ ಕೂಗಾಡತೊಡಗಿದರು. “ಏನ್ ದಾರಿ ಇದು! ಮುಂದಿನ ಊರ ಹತ್ರ ನಿಂತಿದೀನಿ. ದಾರಿಗೆ ಅಡ್ಡ ಕಂಬ ನೆಟ್ಟಿದಾರೆ. ಕಾರು ಒಳಗೆ ಬಿಡಲ್ವಂತೆ!”

ಆಪಾ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಕಾರಿಲ್ಲದ ದಾರಿ ಬೇಕೆಂದು ಸಾಗರ ದಾಟಿ ಬಂದವರು ನಾವೇ. ನನಗೆ ತಡೆಯಲಾರದ ನಗು ಬಂತು. ಅಳುತ್ತಿದ್ದ ಆಪಾ ಕೂಡ ನಕ್ಕುಬಿಟ್ಟರು.

ಸ್ವಲ್ಪ ಹೊತ್ತಿಗೆ ಎದುರಿನಿಂದ ಒಂದು ಸೈಕಲ್ ಬಾಣದಂತೆ ಬಂತು. ಸೀಟಿನ ಮೇಲೆ ಅನ್ವರ್ ಭಾಯ್! ಆ ಊರಿನಲ್ಲಿ ಬಾಡಿಗೆಗೆ ಸಿಕ್ಕಿತಂತೆ. ಮದುವೆಗೆ ಮುಂಚೆ ಬಿಟ್ಟ ಸೈಕಲ್ಲನ್ನು ಈಗ ಮತ್ತೆ ಹತ್ತಿದ್ದರು. ಅಂಗಿ ಬೆನ್ನ ಕಡೆಯಿಂದ ಉಬ್ಬಿತ್ತು, ಮುಖ ಅರಳಿತ್ತು.

“ಇದಕ್ಕಾ ಇಷ್ಟು ಗೋಳು? ಪೆಡಲ್ಲೇ ತುಳಿಲಿಲ್ಲ ನಾನು!” ಎಂದರು.

“ತಿರುಗಿಸಿ ನೋಡಿ ಭಾಯ್,” ಎಂದೆ ನಾನು.

ತಿರುಗಿಸಿದರು. ಹತ್ತು ಮಾರು ಹೋಗುವಷ್ಟರಲ್ಲಿ ಮಾತು ನಿಂತಿತು. ಆಮೇಲೆ ಏದುಸಿರು ಶುರುವಾಯಿತು. ಆಪಾ ಎದ್ದು, ಸಲ್ವಾರಿಗೆ ಮೆತ್ತಿದ ಹುಲ್ಲು ಕೊಡವಿ, ಸೈಕಲ್ ಹತ್ತಿ ಗಂಡನ ಮುಂದೆ ಬಂದರು. “ನನ್ನ ಹಿಂದೆಯೇ ಬನ್ನಿ. ಗಾಳಿ ನನಗೆ ಬಡಿಯುತ್ತೆ, ನಿಮಗೆ ಕಮ್ಮಿ ಆಗುತ್ತೆ. ಗೇರು ಇಳಿಸಿ. ಇನ್ನೂ ಇಳಿಸಿ.” ಡೇಕೇರಿನಲ್ಲಿ ಮಕ್ಕಳನ್ನು ಸಾಲು ಕಟ್ಟಿಸುವ ಅದೇ ದನಿ. ತಲೆ ತಗ್ಗಿಸಿ, ನಿಧಾನವಾಗಿ, ಎಲ್ಲಿಯೂ ನಿಲ್ಲದೆ ತುಳಿದರು. ಅವರ ಹಿಂದೆ ಭಾಯ್, ಭಾಯ್ ಹಿಂದೆ ನಾನು. ಈ ಹೆಂಗಸಿನೊಳಗೆ ಇಷ್ಟು ಕಸುವು ಎಲ್ಲಿತ್ತು ಎಂದು ಬೆರಗಾಗಿ ಅವರ ಬೆನ್ನನ್ನೇ ನೋಡಿಕೊಂಡು ಬಂದೆ.

ಕಂಬದ ಬಳಿ ಕಾರು ನಿಂತಿತ್ತು. ಭಾಯ್ ಬಾಡಿಗೆ ಸೈಕಲ್ಲನ್ನು ಹಿಂದಿರುಗಿಸಿ, ಮೊಣಕಾಲು ಹಿಡಿದುಕೊಂಡೇ ಬಾಗಿಲು ತೆರೆದರು. “ಸಾಕು, ಹತ್ತು.” ನಾನು ನನ್ನ ಸೈಕಲ್ಲನ್ನು ಕಾರಿನ ಹಿಂದೆ ಕಟ್ಟಿ ಹತ್ತಿ ಕೂತೆ. ಆಪಾ ಸೀಟು ಬಿಟ್ಟು ಇಳಿಯಲೇ ಇಲ್ಲ. ನಮ್ಮ ಹೋಟೆಲ್ಲಿದ್ದ ಊರಿನ ಕೋಟೆ ನದಿಯ ತಿರುವಿನಾಚೆ ಚಿಕ್ಕದಾಗಿ ಕಾಣುತ್ತಿತ್ತು.

“ನೀವಿಬ್ರೂ ಹೋಗಿ ಟೀಗೆ ನೀರಿಡಿ. ನಾನು ಬರ್ತೀನಿ,” ಎಂದರು.

“ಒಬ್ಬಳೇ? ದಾರಿ ಗೊತ್ತಾ?”

“ನದಿ ಪಕ್ಕನೇ ತಾನೇ? ಅದು ದಾರಿ ತಪ್ಪಿಸಲ್ಲ ಬಿಡಿ.”

ಭಾಯ್ ತಮ್ಮ ಕಾಲುಗಳನ್ನೊಮ್ಮೆ ನೋಡಿಕೊಂಡು, ಕಾರು ಹತ್ತಿ ಬಾಗಿಲು ಹಾಕಿಕೊಂಡರು.

ಹೋಟೆಲ್ಲಿನಲ್ಲಿ ಅವರನ್ನು ಹಿಡಿದಿಡುವುದೇ ನನಗೆ ದೊಡ್ಡ ಕೆಲಸವಾಯಿತು. ನೀರು ಕುದಿಸಿದರು, ಟೀ ಮಾಡಿದರು, ಗೇಟಿಗೆ ಹೋಗಿ ನಿಂತರು, ಮತ್ತೆ ಒಳಗೆ ಬಂದರು. ಕಾರಿನ ಕೀ ಕೈಗೆತ್ತಿಕೊಂಡಾಗಲೆಲ್ಲ ನಾನು, “ಕೂತ್ಕೊಳ್ಳಿ ಭಾಯ್,” ಎಂದೆ. ಕೂತರು. ಹೊರಗೆ ಧೈರ್ಯದ ಮಾತಾಡುತ್ತಿದ್ದರೂ ಒಳಗೊಳಗೆ ನನಗೂ ಪುಕಪುಕ. ಬಿದ್ದಿದ್ದರೆ? ಮತ್ತೆ ಎಲ್ಲಾದರೂ ಹುಲ್ಲಿನ ಮೇಲೆ ಅಳುತ್ತ ಕೂತಿದ್ದರೆ?

ಬಿಸಿಲು ಇಳಿಯುತ್ತಿದ್ದಾಗ ಆಪಾ ಬಂದರು. ಮೂಗು ಸುಟ್ಟಿತ್ತು, ಹೆಲ್ಮೆಟ್ ಕೆಳಗಿನ ದುಪಟ್ಟಾ ಬೆವರಿಗೆ ಅಂಟಿತ್ತು. ಹ್ಯಾಂಡಲ್ ಹಿಡಿಯಲು ಭಾಯ್ ಓಡಿದರು. ಆಪಾ ಅವರನ್ನು ದಾಟಿ ಹೋಟೆಲ್ಲಿನ ಬಾಗಿಲ ತನಕ ತುಳಿದುಕೊಂಡೇ ಹೋಗಿ, ಬ್ರೇಕ್ ಹಿಡಿದು, ತಾವೇ ಇಳಿದು, ಸೈಕಲ್ಲನ್ನು ಗೋಡೆಗೆ ಒರಗಿಸಿದರು.

“ಯಾರೂ ಕರ್ಕೊಂಡು ಬರ್ಲಿಲ್ಲ. ನಾನೇ ಬಂದೆ,” ಎಂದರು. ಅಷ್ಟು ಹೇಳುವಷ್ಟರಲ್ಲಿ ಅಳು ಬಂತು. ಭಾಯ್ ಕೂಡ ಕಣ್ಣೊರೆಸಿಕೊಂಡರು. ನನ್ನದನ್ನು ಹೇಳುವುದು ಬೇಡ.

ಆಮೇಲೆ ಭಾಯ್, “ಟೀ ಆರೋಯ್ತು,” ಎಂದರು.

ಆಪಾ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತರು. “ಬಿಸಿ ಮಾಡ್ಕೊಂಡು ಬನ್ನಿ,” ಎಂದರು. “ಅವಸರ ಏನಿಲ್ಲ. ನಾನು ಕಾಯ್ತೀನಿ.”