ಹುಳ ಹಣ್ಣಾಗಿದ್ದ ದಿನ ತೆಗೆದ ಇಸಿಜಿ

ಕೊರೊನಾ ಮುಗ್ದ ಮಾರನೇ ವರ್ಷ ನಾನು ರಾಮನಗರದ ಬಸವಲಿಂಗಣ್ಣೋರ ಆರೋಗ್ಯ ವ್ಯಾನ್‌ಗೆ ಸೇರ್ಕೊಂಡೆ. ಡ್ರೈವರೂ ನಾನೇ, ಬಿಪಿ ಶುಗರ್ ನೋಡೋನೂ ನಾನೇ. ಓದಿರೋದು ಪಿಯುಸಿ ಅಷ್ಟೇಯ. ಇಸಿಜಿ ಅಂದ್ರೆ ಎದೆಗೆ ವೈರ್ ಅಂಟ್ಸಿ ಹಾರ್ಟ್ ಹೆಂಗೆ ಹೊಡ್ಕೊತೈತೆ ಅಂತ ಪೇಪರ್ ಮೇಲೆ ಇಳಿಸೋದು. ಅದನ್ನ ಯೂಟ್ಯೂಬ್ ನೋಡಿ, ನಮ್ ನರ್ಸಕ್ಕನ ಕೈಲಿ ಬೈಸ್ಕೊಂಡು ಕಲ್ತೆ. ಏನ್ ಖುಷಿ ಗೊತ್ತಾ ನಂಗೆ! ಮನೇಲಿ ಎಲ್ರಿಗೂ ಒಂದೊಂದ್ ಸಲ ತೆಗ್ದಿದ್ದೆ.

ಅಣ್ಣೋರ್ದು ರೇಷ್ಮೆ ಫಿಲೇಚರು, ಗೂಡು ಬೇಯ್ಸಿ ನೂಲು ತೆಗೆಯೋ ಕಾರ್ಖಾನೆ. ಆ ಹಬೇಲಿ ನಿಂತು ಹೆಂಗಸ್ರಿಗೆ ಕೆಮ್ಮು ಬತ್ತಿತ್ತು. ಮೊದ್ಲು ಅವರಿಗೆ ಅಂತ ಡಾಕ್ಟ್ರನ್ನ ಕರ್ಸಿದ್ರು, ಆಮೇಲೆ ಗೂಡು ಬೆಳ್ಯೋ ಹಳ್ಳಿಗಳಿಗೂ ವ್ಯಾನ್ ಬುಟ್ರು. ಅವರದ್ದೊಂದೇ ರೂಲ್ಸು: "ಹುಳ ಹಣ್ಣಾಗಿರೋ ಮನೆ ಬಾಗ್ಲು ತಟ್ಬೇಡ ಕಣ್ಲಾ." ಹಣ್ಣಾಗೋದು ಅಂದ್ರೆ ಹುಳ ಸೊಪ್ಪು ಬುಟ್ಟು, ತಲೆ ಎತ್ಕೊಂಡು, ಗೂಡು ಕಟ್ಟಾಕೆ ಶುರು ಮಾಡೋದು. ಒಂದೊಂದಾಗಿ ಕೈಲಿ ಆಯ್ದು ಚಂದ್ರಿಕೆ ಅನ್ನೋ ಬಿದಿರು ತಟ್ಟಿ ಮೇಲೆ ಬುಡ್ಬೇಕು. ತಡ ಆದ್ರೆ ಕಸದಲ್ಲೇ ಕಟ್ಟಿ ಹಾಳಾಯ್ತವೆ.

ಅವತ್ತು ಕೂಟಗಲ್ ಕಡೆ ಕ್ಯಾಂಪು. ಅಣ್ಣೋರೂ ಬಂದಿದ್ರು. ಚಿಕ್ಕತಾಯಮ್ಮ ಅಂತ ಒಬ್ರು ಎಡಭುಜ ಒತ್ಕೊಂಡು ಬಂದ್ರು. "ಮಗ, ಒಸಿ ಬಿರ್ನೆ ನೋಡ್ಲಾ. ಹುಳ ಏನ್ ನಿನ್ನಂಗೆ ಫೋನ್ ನೋಡ್ಕೊಂಡು ಕೂತಿರಲ್ಲ."

ಇಸಿಜಿ ತೆಗ್ದೆ. ಗೆರೆಗಳು ಬೆಟ್ಟದಂಗೆ ಎದ್ದಿದ್ವು. ಫೋಟೋ ತೆಗ್ದು ಆಸ್ಪತ್ರೆ ಡಾಕ್ಟ್ರಿಗೆ ಕಳಿಸ್ದೆ. ಡಾಕ್ಟ್ರು ತಕ್ಷಣ ಫೋನ್ ಮಾಡಿ, "ಹಾರ್ಟ್ ಅಟ್ಯಾಕ್, ಮಾತ್ರೆ ಕೊಟ್ಟು ಈಗ್ಲೇ ಕರ್ಕೊಂಡು ಹೊರಡಿ" ಅಂದ್ರು. ಚಿಕ್ಕತಾಯಮ್ಮ ಮಾತ್ರೆ ನುಂಗಿದ್ರು. ವ್ಯಾನ್ ಹತ್ತಾಕೆ ಮಾತ್ರ ಸುತಾರಾಂ ಒಪ್ಲಿಲ್ಲ.

"ಅಣ್ಣಾವ್ರೆ, ನೀವೂ ಗೂಡು ನಂಬ್ಕೊಂಡಿರೋರೇಯ. ಹಣ್ಣು ಹುಳ ಬುಟ್ಟು ಬಾ ಅಂತೀರಾ? ನಮ್ ಯಜಮಾನ್ರು ಕೈ ಮುರ್ಕೊಂಡು ಕೂತವ್ರೆ. ಸಂಜೆಗೆ ಚಂದ್ರಿಕೆಗೆ ಬುಟ್ಟು ಬತ್ತೀನಿ."

"ಅಣ್ಣ, ಈಗ್ಲೇ ಅಂದವ್ರೆ!" ಅಂದೆ ನಾನು.

ಬೇರೆ ಯಾರಾಗಿದ್ರೂ ಗದರ್ಸಿ ವ್ಯಾನ್‌ಗೆ ಕೂರ್ಸೋರು. ಅಣ್ಣೋರಿಗೆ ಹುಳದ ಸಂಕಟ ಗೊತ್ತು. "ಕೂತ್ಕೊಂಡೇ ಮಾಡವ್ವ. ಸಂಜೆ ನಾನೇ ಬತ್ತೀನಿ" ಅಂದ್ರು.

ಸಂಜೆವರ್ಗೂ ಅಣ್ಣೋರ ಕೈಲೂ ತಡ್ಕಳಾಕಾಗ್ಲಿಲ್ಲ. ಬಿಸಿಲು ಇಳ್ಯೋಕೆ ಮುಂಚೇನೇ ಆಯಮ್ಮನ ಮನೆಗೆ ಹೋದ್ವು. ಚಿಕ್ಕತಾಯಮ್ಮ ಗೋಡೆಗೆ ಒರಗಿದ್ರು, ಮಡ್ಲಲ್ಲಿ ಹುಳದ ತಟ್ಟೆ. ನಾಡಿ ಹಿಡ್ದೆ. ಇರ್ಲಿಲ್ಲ. ಎದೆ ಒತ್ತಿ ಒತ್ತಿ ನೋಡ್ದೆ. ಮೈ ಆಗ್ಲೇ ತಣ್ಣಗಾಗಿತ್ತು.

"ಇದೊಂದು ಚಂದ್ರಿಕೆ ಆಗ್ಲಿ, ಹೊರಡ್ತೀನಿ ಅಂದ್ಲು. ಒಸಿ ಕಣ್ಮುಚ್ಚವಳೆ ಅನ್ಕಂಡೆ" ಅಂದ್ರು ಯಜಮಾನ್ರು, ಪಟ್ಟಿ ಕಟ್ಟಿದ್ದ ಕೈ ಎದೆಗೆ ಅವುಚ್ಕೊಂಡು.

ಊರೋರು ಸೇರಿದ್ರು, ಚಿಕ್ಕತಾಯಮ್ಮನ್ನ ಜಗ್ಲಿಗೆ ತಂದು ಮಲಗ್ಸಿದ್ರು. ಅಣ್ಣೋರು ಕೈಕಾಲು ತೊಳ್ಕೊಂಡು ಒಳಗ್ ಹೋಗಿ, ಉಳ್ದಿದ್ದ ಹುಳ ಆಯಾಕೆ ಕುಂತ್ರು. ಕಣ್ಣೀರು ಗಲ್ಲದ ಮೇಲೆ ಇಳೀತಿತ್ತು, ಒರ್ಸ್ಕೊಳ್ಳಲಿಲ್ಲ.

"ಬುಡಿ ಅಣ್ಣಾವ್ರೆ, ಇನ್ಯಾಕೆ" ಅಂದ್ರು ಯಜಮಾನ್ರು.

"ಬೆಳಗ್ಗೇನೇ ನಾನು ಹಿಂಗೆ ಕೂರ್ಬೇಕಿತ್ತು ಕಣಪ್ಪ. ನಂಗೆ ಬರೋ ಕೆಲ್ಸ ಇದು."

ಈಗ ನಮ್ ವ್ಯಾನ್‌ನಲ್ಲಿ ಫಿಲೇಚರಿನ ಇಬ್ರು ಆಳು ಯಾವಾಗ್ಲೂ ಇರ್ತಾರೆ. ಪೇಷೆಂಟ್ ಆಸ್ಪತ್ರೆಗೆ ಹೊಂಟ್ರೆ ಅವರು ಹುಳದ ಮನೆಗೆ ಇಳ್ಕೊತಾರೆ. ಈ ಕೆಲ್ಸ ನಂಗೆ ಕಲಿಸಿದ್ದು ಇಷ್ಟೇಯ: ಬರಲ್ಲ ಅಂದೋರ್ನ ಬೈಯೋದೂ ತಪ್ಪು, ಸರಿ ಬುಡು ಅನ್ನೋದೂ ತಪ್ಪು. ಅವರ ಕೈಲಿರೋ ಕೆಲ್ಸ ಮೊದ್ಲು ಈಸ್ಕೋಬೇಕು. ಚಿಕ್ಕತಾಯಮ್ಮನ ಕೈಯಿಂದ ಆ ಹುಳದ ತಟ್ಟೆ ನಾವು ಈಸ್ಕೊಂಡಾಗ ಬೆರಳು ಬಿಡ್ಸಬೇಕಾಯ್ತು.