ರಾಜನ ಕೋಟಿನ ಅಳತೆ

ವರ್ಷದ ಕೊನೆಯ ರಜೆ ಬಂತೆಂದರೆ ಊರಿಗೆಲ್ಲ ಸಂಭ್ರಮ, ಟೈಲರಮ್ಮನಿಗೆ ತಲೆನೋವು. ಹನ್ನೊಂದು ತಿಂಗಳು ಬಟ್ಟೆಯನ್ನು ಬೀರುವಿನಲ್ಲಿ ಮಡಿಸಿಟ್ಟುಕೊಂಡು ಸುಮ್ಮನಿದ್ದವರಿಗೆಲ್ಲ ರಜೆಗೆ ಎರಡು ವಾರವಿದೆ ಎನ್ನುವಾಗ ಒಮ್ಮೆಲೇ ಜ್ಞಾನೋದಯವಾಗುತ್ತಿತ್ತು. ಒಬ್ಬರ ಹಿಂದೆ ಒಬ್ಬರು ಬಂದು, "ಅವಸರ ಏನಿಲ್ಲ, ನಿಧಾನಕ್ಕೆ ಹೊಲೀರಿ, ಶುಕ್ರವಾರ ಕೊಟ್ರೆ ಸಾಕು" ಎನ್ನುತ್ತಿದ್ದರು. ಹಾಗೆ ಹೇಳಿದ್ದು ಬುಧವಾರವಾಗಿರುತ್ತಿತ್ತು. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಕಿಟಕಿಯ ಕೆಳಗೆ ಹೊಲಿಗೆ ಮಿಷನ್ನು, ಗೋಡೆಯುದ್ದಕ್ಕೆ ಕತ್ತರಿಸುವ ಮೇಜು, ಮೇಜಿನ ಕೆಳಗೆ ಚಿಂದಿಯ ಮೂಟೆ, ಮೂಟೆಯ ಮೇಲೆ ಕುಣಿಯುತ್ತಿರುವ ಅವಳ ಮಗ.

ಮಗನಿಗೆ ಐದು ವರ್ಷ. ಹುಟ್ಟಿದಾಗ ಇಟ್ಟ ಹೆಸರು ಶಾಲೆಯ ಹಾಜರಿ ಪುಸ್ತಕದಲ್ಲಿ ಉಳಿದುಕೊಂಡಿತು, ಮನೆಯಲ್ಲೂ ಬೀದಿಯಲ್ಲೂ ಅವನು ಬುಗುರಿ. ಒಂದು ಕಡೆ ನಿಂತವನಲ್ಲ, ಕೂತವನಲ್ಲ. ಗಿರಾಕಿಯೊಬ್ಬರ ಕಪ್ಪು ಪ್ಯಾಂಟಿನ ಮೇಲೆ ಸೀಮೆಸುಣ್ಣದಲ್ಲಿ ಬಸ್ಸು ಬರೆದಿದ್ದ. ಒಂದು ಸಲ ಇಡೀ ಉಂಡೆ ದಾರವನ್ನು ಬಚ್ಚಲಿನಿಂದ ಬೀದಿಯ ದೀಪದ ಕಂಬದವರೆಗೆ ಎಳೆದಿದ್ದ. "ನಿನ್ನ ಮಗನಿಗೆ ಕೂರೋ ಜಾಗದಲ್ಲಿ ಮುಳ್ಳಿದೆಯೇನೇ?" ಎಂದು ಅತ್ತೆ ದಿನಕ್ಕೆರಡು ಸಲ ಕೇಳುತ್ತಿದ್ದರು. ತುಂಟತನ ಮಾಡಿದಾಗ ಮಾತ್ರ ಅವನು ಅವಳ ಮಗ. ಚೆನ್ನಾಗಿ ಊಟ ಮಾಡಿದರೆ ಅತ್ತೆಯ ಮೊಮ್ಮಗ.

ಟೈಲರಮ್ಮನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು, ನಿಜ. ಆದರೆ ಅವಳ ಕೈಯ ವಿಷಯದಲ್ಲಿ ಯಾರೂ ಕೆಮ್ಮುವಂತಿರಲಿಲ್ಲ. ಹದಿನಾಲ್ಕು ವರ್ಷದಲ್ಲಿ ಅಳತೆ ತಪ್ಪಿದೆ ಎಂದು ಒಂದು ಬಟ್ಟೆಯೂ ವಾಪಸು ಬಂದಿರಲಿಲ್ಲ. ಮಕ್ಕಳ ಬಟ್ಟೆಯಾದರೆ ಹೊಲಿಗೆಯ ಒಳಗೆ ಎರಡು ಬೆರಳು ಬಟ್ಟೆ ಬಿಟ್ಟೇ ಹೊಲಿಯುತ್ತಿದ್ದಳು. ಮುಂದಿನ ವರ್ಷ ಬಿಚ್ಚಿ ಅಗಲ ಮಾಡಿಕೊಳ್ಳಬಹುದಲ್ಲ. ಅಮ್ಮಂದಿರು ಅವಳ ಬಾಯನ್ನು ಸಹಿಸಿಕೊಂಡದ್ದು ಆ ಎರಡು ಬೆರಳಿಗಾಗಿ.

ಈ ಕೈಯೇ ಅವಳಿಗೆ ಮುಳುವಾಯಿತು. ಬುಗುರಿ ಹೋಗುವ ಶಿಶುವಿಹಾರದಲ್ಲಿ ರಜೆ ಶುರುವಾಗುವ ಮುನ್ನಾದಿನ ಮಕ್ಕಳ ನಾಟಕ. ಅದರ ವೇಷವನ್ನೆಲ್ಲ ಹೊಲಿಯುವ ಕೆಲಸ ಮೊದಲ ವರ್ಷ ಉಪಕಾರವಾಗಿ ಶುರುವಾಗಿ ಎರಡನೇ ವರ್ಷಕ್ಕೆ ಅಭ್ಯಾಸವಾಗಿ ಈ ವರ್ಷ ಕರ್ತವ್ಯವಾಗಿತ್ತು. ಹೊಲಿದುಕೊಟ್ಟವಳ ಮಗನಿಗೆ ಸಿಕ್ಕಿದ್ದೇನು? ಮೊದಲ ವರ್ಷ ಎಡಗಡೆಯಿಂದ ಮೂರನೇ ಮೋಡ. ಮರುವರ್ಷ ಆರು ಬಾತುಕೋಳಿಗಳಲ್ಲಿ ಒಂದು. ಗಂಡ ಮೊಬೈಲಿನಲ್ಲಿ ತೆಗೆದ ವಿಡಿಯೋದಲ್ಲಿ ಮಗನ ಕೊಕ್ಕು ಮಾತ್ರ ಕಾಣುತ್ತಿತ್ತು, ಅದೂ ಅವನದೇ ಎಂದು ಖಾತ್ರಿಯಿರಲಿಲ್ಲ. ಒಂದೇ ಒಂದು ಸಲ ನನ್ನ ಮಗ ಮುಂದೆ ನಿಲ್ಲಲಿ, ಜನ ಅವನನ್ನು ನೋಡಲಿ. ಟೈಲರಮ್ಮನ ಆಸೆ ಅಷ್ಟೇ. ಬಾಯಿಬಿಟ್ಟು ಕೇಳುವುದಕ್ಕೆ ಸ್ವಾಭಿಮಾನ ಅಡ್ಡ ಬರುತ್ತಿತ್ತು.

ಈ ವರ್ಷ ಮಿಸ್ಸು ಪಟ್ಟಿ ಹಿಡಿದುಕೊಂಡು ಅಂಗಡಿಗೆ ಬಂದರು. ಔಷಧಿ ಅಂಗಡಿಯವರ ಮಗ ರಾಜ. ಮೂರು ಮಕ್ಕಳು ಸೇರಿ ನದಿ. ಒಂದು ಮೊಲ, ಒಂದು ಮರ.

"ನಮ್ಮ ಬುಗುರಿ ಏನು ಮಿಸ್?"

"ಕಲ್ಲು."

"ಕಲ್ಲಾ?"

"ಬಂಡೆ, ಟೈಲರಮ್ಮ. ಕಾಡಲ್ಲಿ ಇರುತ್ತಲ್ಲ. ತುಂಬಾ ಮುಖ್ಯ ಅದು. ರಾಜ ದಾರಿ ತಪ್ಪಿ ಸುಸ್ತಾಗಿ ಬರ್ತಾನೆ. ಒರಗೋಣ ಅಂದ್ರೆ ಮರ ಅಲ್ಲಾಡುತ್ತೆ, ನದಿ ಓಡುತ್ತೆ, ಮೊಲ ನೆಗೆದು ಹೋಗುತ್ತೆ. ಕಲ್ಲೊಂದೇ ಅಲ್ಲಾಡದೆ ಕೂತಿರುತ್ತೆ. ಅದಕ್ಕೆ ಒರಗಿ ನಿದ್ದೆ ಮಾಡ್ತಾನೆ."

"ಮಾತೆಷ್ಟಿದೆ?"

"ಮಾತಿಲ್ಲ. ಕಲ್ಲಲ್ವಾ?"

ಟೈಲರಮ್ಮ ಡಬ್ಬಿಯಿಂದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಬಾಯಲ್ಲಿ ಕಚ್ಚಿಕೊಂಡಳು. ಅವು ಬಾಯಲ್ಲಿಲ್ಲದಿದ್ದರೆ ಏನೇನು ಹೊರಗೆ ಬರುತ್ತಿತ್ತೋ.

ಸಂಜೆ ಲಿಫ್ಟು ರಿಪೇರಿ ಮುಗಿಸಿ ಬಂದ ಗಂಡ ಸುದ್ದಿ ಕೇಳಿ ನಕ್ಕುಬಿಟ್ಟ. "ಒಳ್ಳೇದೇ ಆಯ್ತು ಬಿಡೆ. ಮಾತು ಮರೆತುಹೋಗೋ ಭಯ ಇಲ್ಲ" ಎಂದ. ಅತ್ತೆ ನಗಲಿಲ್ಲ. "ರಾಜನ ಕೋಟು ಹೊಲಿಯೋಳು ನೀನು. ನಿನ್ನ ಮಗ ಕಲ್ಲು" ಎಂದಷ್ಟೇ ಹೇಳಿ ಒಳಗೆ ಹೋದರು. ಆ ಮಾತು ಅವಳಿಗೆ ನಾಟಿತು.

ಬುಗುರಿಗೋ ಆಕಾಶಕ್ಕೆ ಮೂರೇ ಗೇಣು. ಅಂದಿನಿಂದಲೇ ಅಭ್ಯಾಸ ಶುರುಮಾಡಿದ. ಸ್ನಾನಕ್ಕೆ ಕರೆದರೆ ಮಂಡಿ ಮಡಚಿ ತಲೆ ಬಗ್ಗಿಸಿ ಕಲ್ಲಾಗಿ ಕೂತುಬಿಡುತ್ತಿದ್ದ. ಶಾಲೆಗೆ ಹೊರಡುವಾಗ ಹೊಸ್ತಿಲಲ್ಲಿ ಕಲ್ಲು. ಒಂದು ದಿನ ನಡುರಸ್ತೆಯಲ್ಲೇ ಕಲ್ಲಾದ. ಸ್ಕೂಟರಿನವನೊಬ್ಬ ಹಾರ್ನು ಬಾರಿಸಿ ಬಾರಿಸಿ ಸಾಕಾಗಿ ಎಂಜಿನ್ ಆರಿಸಿ ಕಾದ. ಟೈಲರಮ್ಮ ಮಗನನ್ನು ಇದ್ದ ಆಕಾರದಲ್ಲೇ ಎತ್ತಿಕೊಂಡು ರಸ್ತೆ ದಾಟಿದಳು. ಊಟಕ್ಕೆ ಕೂರಿಸಿದರೆ, "ಕಲ್ಲು ಊಟ ಮಾಡಲ್ಲ" ಎಂದ.

"ಕಲ್ಲು ಮಾತೂ ಆಡಲ್ಲ ಕಣೋ!" ಎಂದು ಅವಳು ರೇಗಿದಳು.

ಅದು ಅವನಿಗೆ ಹೊಳೆದಿರಲಿಲ್ಲ. ಮರುಕ್ಷಣದಿಂದ ಮಾತೂ ನಿಂತಿತು. ಟೈಲರಮ್ಮ ತನ್ನ ನಾಲಿಗೆಯನ್ನು ತಾನೇ ಶಪಿಸಿಕೊಂಡಳು. ಎರಡು ನಿಮಿಷ ಸುಮ್ಮನೆ ಕೂರೋ ಎಂದು ಐದು ವರ್ಷ ಅಂಗಲಾಚಿದವಳು ಈಗ ಒಂಚೂರು ಅಲ್ಲಾಡೋ ಎಂದು ಕಾಲು ಹಿಡಿಯುವ ಸ್ಥಿತಿಗೆ ಬಂದಿದ್ದಳು. ಮೈ ಪರಚಿಕೊಳ್ಳುವುದೊಂದು ಬಾಕಿಯಿತ್ತು.

ರಾಜನ ಕೋಟಿಗೆ ಕೆಂಪು ಮಖಮಲ್ಲಿನ ಬಟ್ಟೆ. ಅದನ್ನು ಮೇಜಿನ ಮೇಲೆ ಹರಡಿದಾಗ ಮಧ್ಯಾಹ್ನ, ಮನೆಯಲ್ಲಿ ಯಾರೂ ಇರಲಿಲ್ಲ. ಅಳತೆ ಪುಸ್ತಕ ತೆರೆದಿತ್ತು. ಔಷಧಿ ಅಂಗಡಿಯವರ ಮಗ, ಎದೆ ಇಪ್ಪತ್ತೇಳು. ಗುಂಡು ಗುಂಡಾದ, ಒಳ್ಳೆಯ ಸ್ವಭಾವದ ಮಗು. ಅಳತೆ ತೆಗೆಯುವಾಗ ಕಚಗುಳಿಯಾಗಿ ಕಿಲಕಿಲ ನಕ್ಕಿದ್ದ. ಟೈಲರಮ್ಮ ಸೀಮೆಸುಣ್ಣ ಹಿಡಿದು ತುಂಬ ಹೊತ್ತು ನಿಂತಳು. ಆಮೇಲೆ ಇಪ್ಪತ್ತೆರಡೂವರೆಗೆ ಗೆರೆ ಎಳೆದಳು. ಅದು ಅವಳ ಮಗನ ಅಳತೆ, ಅದಕ್ಕೆ ಪುಸ್ತಕ ಬೇಕಿರಲಿಲ್ಲ. ಎರಡು ಬೆರಳು ಬಟ್ಟೆಯನ್ನೂ ಒಳಗೆ ಬಿಡಲಿಲ್ಲ.

ಲೆಕ್ಕಾಚಾರ ಸರಳವಾಗಿತ್ತು. ನಾಟಕದ ದಿನ ಕೋಟು ರಾಜನಿಗೆ ಆಗುವುದಿಲ್ಲ. ಬಿಚ್ಚಿ ಹೊಲಿಯಲು ಹೊತ್ತಿರುವುದಿಲ್ಲ. ಯಾರಿಗೆ ಆಗುತ್ತದೆ ಎಂದು ಹುಡುಕುತ್ತಾರೆ. ಅಭ್ಯಾಸದ ಹೊತ್ತಿನಲ್ಲೆಲ್ಲ ಕಲ್ಲಾಗಿ ಅಲ್ಲೇ ಕೂತಿದ್ದ ಬುಗುರಿಗೆ ರಾಜನ ಮಾತೆಲ್ಲ ಬಾಯಿಪಾಠ. ಮಿಸ್ಸೇ ಕರೆಯುತ್ತಾರೆ. ತಾನು ಬಾಯಿಬಿಡುವ ಪ್ರಮೇಯವೇ ಇಲ್ಲ. ಔಷಧಿ ಅಂಗಡಿಯವರ ಹೆಂಡತಿ ಎರಡು ಸಲ ಬಂದು ಟ್ರಯಲ್ ಕೇಳಿದರು. ಒಂದು ಸಲ ಗುಂಡಿ ಹಾಕಿಲ್ಲವೆಂದಳು, ಇನ್ನೊಂದು ಸಲ ಜರಿ ಪಟ್ಟಿ ಬಂದಿಲ್ಲವೆಂದಳು. "ನನ್ನ ಅಳತೆ ಯಾವತ್ತಾದ್ರೂ ತಪ್ಪಿದ್ಯಾ? ಮಗು ಒಂಚೂರು ಮೈ ಬಂದ ಹಾಗಿದೆ, ಅದೊಂದು ನೋಡ್ಕೊಳ್ಳಿ" ಎಂದೂ ಸೇರಿಸಿದಳು. ಅಮ್ಮನ ಸೆರಗು ಹಿಡಿದು ನಿಂತಿದ್ದ ರಾಜ ತನ್ನ ಹೊಟ್ಟೆಯನ್ನು ಬಗ್ಗಿ ನೋಡಿಕೊಂಡ.

ನಾಟಕದ ದಿನ ವೇದಿಕೆಯ ಹಿಂದಿನ ಕೋಣೆಯಲ್ಲಿ ಗೋಂದಿನ ವಾಸನೆ, ಬಣ್ಣದ ಕಾಗದ, ಅಳು, ಗದ್ದಲ. ನದಿಯ ನಡುಭಾಗಕ್ಕೆ ಶೌಚಕ್ಕೆ ಹೋಗಬೇಕಾಗಿತ್ತು. ಮೊಲ ಕಿವಿ ಬೇಡವೆಂದು ಹಟ ಹಿಡಿದಿತ್ತು. ಬುಗುರಿ ತನ್ನ ಬೂದು ಬಟ್ಟೆ ಹೊದ್ದುಕೊಂಡು ಮೂಲೆಯಲ್ಲಿ ಕೂತಾಗಿತ್ತು. ಹೊರಗೆ ಮೂರನೇ ಸಾಲಿನಲ್ಲಿ ಅತ್ತೆಯೂ ಗಂಡನೂ.

ರಾಜನ ಕೋಟು ಎದೆಯ ಮುಂದೆ ಅರ್ಧ ಗೇಣು ಕೂಡಲಿಲ್ಲ.

"ಅಯ್ಯೋ ದೇವರೇ! ಇನ್ನು ಹತ್ತೇ ನಿಮಿಷ ಇರೋದು!" ಎಂದು ಮಿಸ್ಸು ಹಣೆ ಚಚ್ಚಿಕೊಂಡರು. ಸುತ್ತ ನೋಡಿದರು. ಅವರ ಕಣ್ಣು ಬೂದು ಬಟ್ಟೆಯ ಮೇಲೆ ನಿಂತಿತು. "ಟೈಲರಮ್ಮ, ಬುಗುರಿಗೆ ಆಗುತ್ತೇನೋ ನೋಡಿ. ಮಾತೆಲ್ಲ ಬರುತ್ತೆ ಅವನಿಗೆ. ಕಲ್ಲಿನ ಜಾಗಕ್ಕೆ ಒಂದು ಸ್ಟೂಲಿಗೆ ಬಟ್ಟೆ ಹೊದಿಸಿದ್ರಾಯ್ತು."

ಎಲ್ಲ ಅಂದುಕೊಂಡ ಹಾಗೇ ನಡೆಯಿತು. ಟೈಲರಮ್ಮ ಕೋಟು ಹಿಡಿದು ಮೂಲೆಗೆ ಓಡಿದಳು. "ಏಳೋ ಕಂದ. ನೀನೇ ರಾಜ ಈಗ. ಬೇಗ ಬೇಗ" ಎಂದಳು. ಬಟ್ಟೆ ಅಲುಗಲಿಲ್ಲ. ತುದಿ ಎತ್ತಿ ನೋಡಿದಳು. ಮಂಡಿಯ ಮೇಲೆ ಗಲ್ಲ, ಕಣ್ಣು ಗಟ್ಟಿ ಮುಚ್ಚಿದೆ. ತೋಳು ಹಿಡಿದು ಎಳೆದಳು, ಪುಸಲಾಯಿಸಿದಳು, ಹಲ್ಲು ಕಚ್ಚಿ ಗದರಿಸಿದಳು.

"ಅಮ್ಮ, ಹೋಗು," ಒಳಗಿನಿಂದ ಪಿಸುಮಾತು ಬಂತು. "ನಾನು ಆಗ್ಲೇ ಶುರು ಮಾಡ್ಬಿಟ್ಟಿದೀನಿ."

ಅವಳಿಗೆ ರೇಗಿ ಹೋಯಿತು. ಇನ್ನೊಂದು ಸಲ ಎಳೆಯಬೇಕು ಎನ್ನುವಷ್ಟರಲ್ಲಿ ಹಿಂದೆ ಯಾರೋ ನಿಂತಂತಾಯಿತು. ತಿರುಗಿದಳು. ಬನಿಯನ್ನಿನಲ್ಲಿ, ತಲೆಯ ಮೇಲೆ ಕಾಗದದ ಕಿರೀಟ ಇಟ್ಟುಕೊಂಡು ರಾಜ ನಿಂತಿದ್ದ. ಅಳು ನುಂಗಿ ನುಂಗಿ ಮೂಗು ಕೆಂಪಾಗಿತ್ತು.

"ಆಂಟಿ, ನಾನು ಬೆಳಿಗ್ಗೆ ತಿಂಡಿ ತಿಂದಿಲ್ಲ. ನಿನ್ನೆ ರಾತ್ರಿನೂ ಬರೀ ಹಾಲು ಕುಡಿದೆ. ಆದ್ರೂ ಯಾಕೆ ಆಗ್ತಿಲ್ಲ?"

ಟೈಲರಮ್ಮನಿಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು. ಐದು ವರ್ಷದ ಮಗುವನ್ನು ಉಪವಾಸ ಕೆಡವಿದ್ದಳು ಅವಳು. ಬಗ್ಗಿ ಕೂತು ಅವನ ಮುಖ ಒರೆಸಿದಳು.

"ನಿನ್ನ ತಪ್ಪೇನೂ ಇಲ್ಲ ಕಂದ. ನೀನು ಸರಿಯಾಗೇ ಇದೀಯ. ನಾನೇ ಬೇಕೂಂತ ಚಿಕ್ಕದಾಗಿ ಕತ್ತರಿಸ್ದೆ."

ಪಕ್ಕದಲ್ಲಿ ಮಿಸ್ಸು ನಿಂತಿದ್ದರು. ಕೇಳಿಸಿಕೊಂಡರು.

ರಾಜ ಸ್ವಲ್ಪ ಯೋಚಿಸಿದ. "ಹಾಗಾದ್ರೆ ನಾನು ಈಗ ತಿನ್ನಬಹುದಾ?" ಎಂದ.

ಮಿಸ್ಸು ತಮ್ಮ ಚೀಲದಿಂದ ಬಿಸ್ಕೆಟ್ ಪೊಟ್ಟಣ ತೆಗೆದು ಅವನ ಕೈಗಿಟ್ಟರು. ಟೈಲರಮ್ಮ ಕೋಟಿನ ಬೆನ್ನಿನ ಹೊಲಿಗೆಯನ್ನು ಮೇಲಿನಿಂದ ಕೆಳಗೆ ಸೀಳಿದಳು, ಕಂಕುಳನ್ನೂ ಬಿಚ್ಚಿದಳು. ಒಳಗೆ ಬಟ್ಟೆ ಬಿಟ್ಟಿರಲಿಲ್ಲವಲ್ಲ, ಈಗ ಸೇರಿಸಲು ಬಟ್ಟೆ ಎಲ್ಲಿ? ಕೋಣೆಯಲ್ಲಿ ಹೆಚ್ಚುವರಿ ಬಟ್ಟೆ ಇದ್ದದ್ದು ಒಬ್ಬನ ಮೈಮೇಲೆ ಮಾತ್ರ. ಕತ್ತರಿ ಹಿಡಿದು ಮಗನ ಹಿಂದೆ ಮಂಡಿಯೂರಿದಳು. ಬೂದು ಬಟ್ಟೆಯ ಅಂಚಿನಿಂದ ಒಂದು ಅಗಲವಾದ ಪಟ್ಟಿಯನ್ನು ಕರಕರ ಕತ್ತರಿಸಿಕೊಂಡಳು. ಹಿಮ್ಮಡಿಯ ಪಕ್ಕದಲ್ಲೇ ಕತ್ತರಿ ಹೋದರೂ ಕಲ್ಲು ಉಸಿರೆತ್ತಲಿಲ್ಲ. ರಾಜನನ್ನು ನಿಲ್ಲಿಸಿಕೊಂಡು, ಅವನು ಬಿಸ್ಕೆಟ್ ಅಗಿಯುತ್ತಿದ್ದಂತೆಯೇ, ದೊಡ್ಡ ದೊಡ್ಡ ಕಚ್ಚಾ ಹೊಲಿಗೆ ಹಾಕಿದಳು. ಹದಿನಾಲ್ಕು ವರ್ಷದಲ್ಲಿ ಅಷ್ಟು ಕೆಟ್ಟ ಹೊಲಿಗೆಯನ್ನು ಅವಳು ಹಾಕಿರಲಿಲ್ಲ.

ಪರದೆ ಸರಿಯಿತು. ಮುಂದೆ ಕೆಂಪು, ಬೆನ್ನಿಗೆ ಬೂದು ಬಣ್ಣದ ಕೋಟು ತೊಟ್ಟ ರಾಜ ಗಂಭೀರವಾಗಿ ಬಂದು ತನ್ನ ಮೊದಲ ಮಾತುಗಳನ್ನೆಲ್ಲ ತಪ್ಪಿಲ್ಲದೆ ಹೇಳಿದ. ಉಳಿದದ್ದು ಹೇಳುವಂತಿರಲಿಲ್ಲ. ಮರ ತನ್ನ ಅಜ್ಜಿಯ ಕಡೆ ಕೈಬೀಸಿತು. ನದಿ ತನ್ನ ಕಾಲಿಗೆ ತಾನೇ ಸಿಕ್ಕಿ ಬಿದ್ದು ಮೂರು ಬಾಯಲ್ಲಿ ಅತ್ತಿತು. ಮೊಲದ ಕಿವಿ ಉದುರಿತು. ರಾಜ ಕಲ್ಲಿಗೆ ಒರಗಿ ಕಣ್ಣು ಮುಚ್ಚಿದ. ಖಾಲಿ ಹೊಟ್ಟೆಗೆ ಇಡೀ ಪೊಟ್ಟಣ ಬಿಸ್ಕೆಟ್ ಇಳಿದಿತ್ತು, ಹಾಗಾಗಿ ನಿಜವಾಗಿಯೇ ನಿದ್ದೆ ಹೋದ. ಕೊನೆಯ ಮಾತಿಗೆ ಏಳಲೇ ಇಲ್ಲ. ಅಷ್ಟು ಭಾರ ಮೇಲೆ ಬಿದ್ದರೂ, ಹಿಂದೆ ಬಟ್ಟೆ ಸಾಲದೆ ಬರಿಯ ಹಿಮ್ಮಡಿ ಹೊರಗೆ ಕಾಣುತ್ತಿದ್ದರೂ ಕಲ್ಲು ಕಲ್ಲಾಗಿಯೇ ಇತ್ತು. ಪರದೆಯ ಬದಿಯಿಂದ ಟೈಲರಮ್ಮ ಆ ಹಿಮ್ಮಡಿಯನ್ನೇ ನೋಡುತ್ತ ನಿಂತಳು. ಚಪ್ಪಾಳೆ ಮುಗಿದು, ರಾಜನನ್ನು ಎತ್ತಿಕೊಂಡು ಹೋದ ಮೇಲೂ ಬುಗುರಿ ಏಳಲಿಲ್ಲ. "ಮುಗೀತು ಕಂದ" ಎಂದು ಅವಳೇ ಹೋಗಿ ಬೆನ್ನು ತಟ್ಟಬೇಕಾಯಿತು.

ಔಷಧಿ ಅಂಗಡಿಯವರ ಹೆಂಡತಿಗೆ ಅವಳೇ ಎದುರು ಹೋಗಿ ಎಲ್ಲ ಹೇಳಿದಳು. ಆ ತಾಯಿ ಮಗನನ್ನು ಹೆಗಲಿಗೆ ಏರಿಸಿಕೊಂಡು ಹೊರಟುಹೋದರು. ಬೈದಿದ್ದರೆ ಎಷ್ಟೋ ಮೇಲಿತ್ತು. ಮಿಸ್ಸು ಮಾತ್ರ, "ಮುಂದಿನ ವರ್ಷ ಟ್ರಯಲ್ ನನ್ನೆದುರಿಗೇ ಆಗ್ಬೇಕು" ಎಂದರು. ಟೈಲರಮ್ಮ ತಲೆಯಾಡಿಸಿದಳು.

ಹೊರಗೆ ಮೆಟ್ಟಿಲ ಬಳಿ ಅತ್ತೆ ಕಾಯುತ್ತಿದ್ದರು. ಮುಖ ಉಬ್ಬಿತ್ತು.

"ಅಲ್ವೇ, ಮೊಲ ಬಂತು, ಮರ ಬಂತು, ಬೀಳೋದಕ್ಕೆ ಅಂತ ನದಿನೂ ಬಂತು. ನಮ್ಮ ಹುಡುಗ ಕೊನೇವರೆಗೂ ಬರಲೇ ಇಲ್ವಲ್ಲ! ಕೊಟ್ಟಿದ್ದ ಕಲ್ಲಿನ ಪಾತ್ರವನ್ನೂ ಕಿತ್ಕೊಂಡ್ರಾ? ಅಲ್ಲಿ ಸ್ಟೂಲಿಗೋ ಏನಕ್ಕೋ ಬಟ್ಟೆ ಹೊದಿಸಿ ಇಟ್ಟುಬಿಟ್ಟಿದ್ರು."

ಟೈಲರಮ್ಮನ ಪಿತ್ತ ನೆತ್ತಿಗೇರಿತು. ಹದಿನೈದು ನಿಮಿಷ ಎಲ್ಲರ ಎದುರು ಕೂತಿದ್ದವನನ್ನು ಸ್ವಂತ ಅಜ್ಜಿಯೇ ನೋಡಲಿಲ್ಲವೇ? ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಬುಗುರಿ ಅವಳ ಕೈ ಹಿಡಿದು ಜಗ್ಗಿದ. ಬಗ್ಗಿದಳು. ಅವನ ಮುಖ ಅಷ್ಟು ಅರಳಿದ್ದನ್ನು ಅವಳು ಕಂಡೇ ಇರಲಿಲ್ಲ. ಅವಳ ಕಿವಿಗೆ ಬಾಯಿಟ್ಟು, ಸಂಭ್ರಮದಲ್ಲಿ ಪಿಸುಗುಟ್ಟಿದ:

"ಅಮ್ಮ, ಅಜ್ಜಿಗೆ ಗೊತ್ತೇ ಆಗ್ಲಿಲ್ಲ!"

ಗಂಡ ಏನೋ ಹೇಳಲು ಬಾಯಿ ತೆರೆದ. ಟೈಲರಮ್ಮ ಒಂದು ನೋಟದಲ್ಲಿ ಅವನ ಬಾಯಿ ಮುಚ್ಚಿಸಿದಳು.

"ಹೌದು ಅತ್ತೆ," ಎಂದಳು. "ಇವನು ಬರಲೇ ಇಲ್ಲ. ಅಲ್ಲಿ ಇದ್ದಿದ್ದು ಬರೀ ಕಲ್ಲು."