ಉತ್ತರಕ್ಕೆ ಬಿಟ್ಟ ಜಾಗ

ರಾಣೆಬೆನ್ನೂರಿನ ಪ್ರಭುಲಿಂಗಪ್ಪ ದಿಲ್ಲಿಯ ಮುಖಂಡರ ಮಾತನ್ನು ಮೊದಲು ಬರೆಯುತ್ತಿದ್ದ, ಆಮೇಲೆ ಕೇಳುತ್ತಿದ್ದ. ಹಾಗೆಂದು ಅವನನ್ನು ಸುಳ್ಳು ವರದಿಗಾರ ಎಂದು ಜರೆಯಬೇಡಿ. ಸುದ್ದಿಯ ಲಕೋಟೆ ನಾಲ್ಕು ಗಂಟೆಯ ಬಸ್ಸಿನ ಕಂಡಕ್ಟರನ ಕೈಯಲ್ಲಿ ಹುಬ್ಬಳ್ಳಿಯ ಪತ್ರಿಕೆಗೆ ಹೋಗಬೇಕು. ಬೆಳಿಗ್ಗೆಯೇ ಬರುತ್ತೇನೆಂದ ಮುಖಂಡರು ಬಂದಿಳಿಯುವ ಹೊತ್ತಿಗೆ ಬಸ್ಸು ಹೊರಡಲು ಹಾರ್ನ್ ಹೊಡೆಯುತ್ತಿರುತ್ತದೆ. ಬಡಪಾಯಿ ಏನು ಮಾಡಬೇಕು? ಅಪ್ಪನ ಅರಳೆ ಅಂಗಡಿಯ ಕಟ್ಟೆಯ ಮೇಲೆ ಕುಳಿತು, ಚಹಾ ಕುಡಿಯುತ್ತ, ತನ್ನ ಪ್ರಶ್ನೆಯನ್ನೂ ಅವರ ಉತ್ತರವನ್ನೂ ತಾನೇ ಬರೆದಿಡುತ್ತಿದ್ದ. ಮುಖಂಡರು ಬಂದು ಅದನ್ನೇ ಹೇಳಿ ಹೋಗುತ್ತಿದ್ದರು. ಹತ್ತಿಯ ಬೆಲೆ ಕೇಳಿದರೆ 'ಸರ್ಕಾರದ ಗಮನದಲ್ಲಿದೆ'. ಹೊಳೆಯ ನೀರು ಕೇಳಿದರೆ 'ಸಮಿತಿ ರಚಿಸಲಾಗುವುದು'. ಪಕ್ಷ ಬದಲಾದರೂ ಉತ್ತರ ಬದಲಾಗುತ್ತಿರಲಿಲ್ಲ.

"ನೀ ಬರದದ್ದನ್ನ ಬಾಯಿಪಾಠ ಮಾಡ್ಕೊಂಡ ಬರ್ತಾರ ನೋಡಣ್ಣಾ" ಎಂದು, ಎಲ್ಲಿ ಹೋದರೂ ಜೊತೆಗಿರುತ್ತಿದ್ದ ಫೋಟೊಗ್ರಾಫರ್ ಮಹಮ್ಮದ್ ಹನೀಫ್ ನಗುತ್ತಿದ್ದ. ಪ್ರಭುಲಿಂಗಪ್ಪನೂ ನಗುತ್ತಿದ್ದ.

ಆದರೆ ಅವನು ಪುಕ್ಕಲನಲ್ಲ. ಉಳಿದವರು ಹಾರ ಹಾಕಲು ನೂಕಾಡುವಾಗ ಇವನೊಬ್ಬ ಎದ್ದು ನಿಂತು, ತನ್ನ ಹರಕುಮುರುಕು ಹಿಂದಿಯಲ್ಲಿ, ಬಂದವರಿಗೆಲ್ಲ ಒಂದು ಪ್ರಶ್ನೆ ತಪ್ಪದೆ ಕೇಳುತ್ತಿದ್ದ: ಕುಪ್ಪೇಲೂರಿನ ಹಾಲಸಿದ್ದಪ್ಪ ಎಲ್ಲಿದ್ದಾನೆ? ಎಂಬತ್ತೊಂದರಲ್ಲಿ ಹತ್ತಿಗೆ ಬೆಲೆ ಕೇಳಿ ರೈತರು ಹಲಗೇರಿ ರಸ್ತೆಯಲ್ಲಿ ಕುಳಿತಿದ್ದಾಗ ಒಂದು ಜೀಪು ಬಂದು ಅವನನ್ನು ಹತ್ತಿಸಿಕೊಂಡು ಹೋಗಿತ್ತು. ಯಾರ ಜೀಪೆಂದು ನೋಡಿದವರು ಹೇಳಲಿಲ್ಲ, ಹೇಳುವವರು ನೋಡಿರಲಿಲ್ಲ. ಅವನ ಹೆಂಡತಿ ಸಿದ್ದವ್ವ ಕುಂಕುಮ ಇಡಬೇಕೋ ಅಳಿಸಬೇಕೋ ತಿಳಿಯದೆ ದಿನ ನೂಕುತ್ತಿದ್ದಳು. ಊರ ಹೆಂಗಸರು ಉಡಿ ತುಂಬುವಾಗ ಅವಳೆದುರು ಬಂದು ತಡವರಿಸಿ ಮುಂದೆ ಹೋಗುತ್ತಿದ್ದರು. ಇದೆಲ್ಲ ಪ್ರಭುಲಿಂಗಪ್ಪನಿಗೆ ಗೊತ್ತಿತ್ತು. ಆದರೂ ಆ ಪ್ರಶ್ನೆಯ ಕೆಳಗೆ ಪ್ರತಿ ಸಲ ಅವನೇ ಬರೆದಿಡುತ್ತಿದ್ದದ್ದು 'ವಿಚಾರಣೆ ಮಾಡಿಸುತ್ತೇವೆ' ಎಂದು.

ನಗು ನಿಂತದ್ದು ಎಂಬತ್ತೊಂಬತ್ತರಲ್ಲಿ, ಬ್ಯಾಡಗಿಯ ಸಭೆಯಲ್ಲಿ. ಆ ಬೆಳಿಗ್ಗೆ ಬೇಸರಕ್ಕೋ ಕುಚೋದ್ಯಕ್ಕೋ ಒಂದು ಸಾಲು ಹೆಚ್ಚಿಗೆ ಬರೆದಿದ್ದ: 'ನಮ್ಮ ಅಜ್ಜಿ ಬ್ಯಾಡಗಿ ಮೆಣಸಿನಕಾಯಿಯನ್ನು ತಲೆದಿಂಬಿನಡಿ ಇಟ್ಟುಕೊಂಡು ಮಲಗುತ್ತಿದ್ದಳು.' ಕಳಿಸುವ ಮುಂಚೆ ಹೊಡೆದುಹಾಕಲೆಂದೇ ಬರೆದ ಸಾಲು. ಮೆಣಸಿನಕಾಯಿ ಪೇಟೆಯ ಘಾಟಿಗೆ ಇಡೀ ಸಭೆ ಕೆಮ್ಮುತ್ತಿತ್ತು. ಭಾಷಣದ ನಡುವೆ ಮುಖಂಡರು ಮಾತು ನಿಲ್ಲಿಸಿದರು. ಯಾರೋ ಕಿವಿಯಲ್ಲಿ ಹೇಳಿಕೊಡುತ್ತಿರುವಂತೆ ತಲೆ ಓರೆ ಮಾಡಿದರು. ಆಮೇಲೆ ಅಜ್ಜಿ, ತಲೆದಿಂಬು, ಮೆಣಸಿನಕಾಯಿ ಎಲ್ಲವನ್ನೂ ಹಿಂದಿಯಲ್ಲಿ ಹೇಳಿದರು. ಅಷ್ಟು ಹೊತ್ತೂ ಸಾವಿರಾರು ಜನರಲ್ಲಿ ಒಬ್ಬನೂ ಕೆಮ್ಮಲಿಲ್ಲ. ಆ ಸಾಲು ಮುಗಿದದ್ದೇ ಚಪ್ಪಾಳೆ ಬಿತ್ತು, ಕೆಮ್ಮು ಮತ್ತೆ ಶುರುವಾಯಿತು. ಪ್ರಭುಲಿಂಗಪ್ಪ ಜೇಬಿನಿಂದ ಹಾಳೆ ತೆಗೆದು ಆ ಸಾಲನ್ನು ಮತ್ತೆ ಓದಿದ. ಅವನು ಬರೆದದ್ದನ್ನು ಬೆಳಿಗ್ಗೆಯೇ ಓದಿದ್ದ ಹನೀಫ್ ಕ್ಯಾಮೆರಾ ಕೆಳಗಿಳಿಸಿ ಅವನತ್ತ ತಿರುಗಿದ.

ಎರಡು ವರ್ಷದ ಮೇಲೆ ಮತ್ತೊಬ್ಬ ಮುಖಂಡರು ಊರ ಹೊರಗಿನ ಹಳೆಯ ಬಂಗಲೆಯೊಂದಕ್ಕೆ ಬರುವ ದಿನ, ಸಿದ್ದವ್ವ ಬೆಳಿಗ್ಗೆಯೇ ಅಂಗಡಿಯ ಕಟ್ಟೆಗೆ ಬಂದಳು.

"ಯಣ್ಣಾ, ನೀವು ಬರದದ್ದನ್ನ ಅವ್ರು ಆಡ್ತಾರಂತ ಹನೀಫಣ್ಣ ಅಂದ. ಖರೇ ಏನ್ರಿ?"

"ಯಾವಾಗರ ಒಮ್ಮೆ ಹಂಗ ಆಗೇತಿ ಬಿಡವ್ವ."

"ಹಂಗಾರ ನಮ್ಮವ್ರ ಸುದ್ದಿಗೆ ಇವತ್ತ ಉತ್ತರಾ ಬರೀಬ್ಯಾಡ್ರಿ. ಜಾಗಾ ಖಾಲಿ ಬಿಡ್ರಿ."

"ಜೀವಂತ ಅದಾನ ಅಂತ ಬರಿ ಅಂತೀ ಅನ್ಕೊಂಡಿದ್ನೆಲ್ಲವ್ವ?"

"ನಿಮ್ಮ ಮಾತು ಕಟಗೊಂಡು ನಾ ಏನ್ ಮಾಡ್ಲಿರಿ? ನನಗ ಖರೇದ್ದು ಬೇಕು."

ಪ್ರಭುಲಿಂಗಪ್ಪ ಪ್ರಶ್ನೆ ಬರೆದು, ಅದರ ಕೆಳಗೆ ಒಂದು ಸಾಲಿನ ಜಾಗ ಬಿಟ್ಟ. ಬಿಡುವಾಗ ಅವನಿಗೆ ನಿಜವಾಗಿಯೂ ಹೆದರಿಕೆಯಾಯಿತು.

ಬಂಗಲೆಯ ಹಜಾರದಲ್ಲಿ ವರದಿಗಾರರು ಸೇರಿದ್ದರು. ಸಿದ್ದವ್ವ ಹೊರಗೆ ಕಿಟಕಿಯ ಸರಳು ಹಿಡಿದು ನಿಂತಿದ್ದಳು. ಕನ್ನಡದ ಒಂದಕ್ಷರ ಬಾರದ ಮುಖಂಡರು ಹತ್ತಿಗೆ, ನೀರಿಗೆ, ರಸ್ತೆಗೆ ಉತ್ತರ ಕೊಟ್ಟರು, ಎಲ್ಲವೂ ಪ್ರಭುಲಿಂಗಪ್ಪನ ಹಾಳೆಯಲ್ಲಿದ್ದಂತೆಯೇ. ಕೊನೆಗೆ ಅವನು ಎದ್ದು ನಿಂತು ತನ್ನ ಹಳೆಯ ಪ್ರಶ್ನೆ ಕೇಳಿದ.

ಮುಖಂಡರು ಬಾಯಿ ತೆರೆದರು. ಮಾತು ಬರಲಿಲ್ಲ. ತಲೆಯ ಮೇಲೆ ಫ್ಯಾನು ತಿರುಗುತ್ತಲೇ ಇತ್ತು, ಅದರ ಕಿರುಗುಟ್ಟುವ ಸದ್ದು ಮಾತ್ರ ಇರಲಿಲ್ಲ. ಹೊರಗೆ ಕಾಗೆಗಳ ಸದ್ದೂ ಇರಲಿಲ್ಲ. ಅವರು ನಿಧಾನವಾಗಿ ತಲೆ ಓರೆ ಮಾಡಿ, ಪ್ರಭುಲಿಂಗಪ್ಪನನ್ನು ದಾಟಿ, ಕಿಟಕಿಯ ಕಡೆ ನೋಡಿದರು. ಆಮೇಲೆ ಅವರ ಬಾಯಿಂದ ಬೇರೆ ಯಾರದೋ ದನಿ ಬಂತು. ಗಂಟಲಲ್ಲಿ ಮಣ್ಣು ಸಿಕ್ಕವರ ಹಾಗೆ ಒಡೆದ, ಕುಪ್ಪೇಲೂರಿನ ದನಿ.

"ಇಲ್ಲೇ ಅದೇನಿ."

ಫ್ಯಾನು ಕಿರುಗುಟ್ಟಿತು. ಮುಖಂಡರು ನೀರು ಕುಡಿದು, ಹಿಂದಿಯಲ್ಲಿ ಎಲ್ಲರಿಗೂ ನಮಸ್ಕಾರ ಹೇಳಿ ಎದ್ದರು. ವರದಿಗಾರರು ತಲೆ ತಗ್ಗಿಸಿ ಬರೆಯುತ್ತಿದ್ದರು. ಪ್ರಭುಲಿಂಗಪ್ಪ ಹನೀಫನ ತೋಳು ಹಿಡಿದುಕೊಂಡ.

"ಏನಂದ್ರೋ ಅವ್ರು?"

"ಮತ್ತೇನ್ ಅಂತಾರ? ವಿಚಾರಣೆ ಮಾಡಸ್ತಾರಂತ. ಯಾಕಣ್ಣಾ, ಹಿಂಗ್ಯಾಕ ಬೆವತೀದಿ?"

ಪ್ರಭುಲಿಂಗಪ್ಪ ತೋಳು ಬಿಟ್ಟು ಹೊರಗೆ ಬಂದ. ಸಿದ್ದವ್ವನ ಹಣೆ ಬೋಳಾಗಿತ್ತು, ಸೆರಗಿನ ತುದಿ ಕೆಂಪಾಗಿತ್ತು. ಅವಳು ಅಳುತ್ತಿರಲಿಲ್ಲ.

"ಅವ್ರದ ದನಿರಿ ಅದು" ಎಂದಳು.

"ನಾನೂ ಕೇಳಿದ್ನೆವ್ವ."

ಅವಳು ಬಂಗಲೆಯ ಅಂಗಳವನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ನೋಡಿದಳು. ಹೂವಿನ ಪಾತಿ, ಮುಚ್ಚಿದ ಬಾವಿ, ಹುಣಸೆಮರದ ಬುಡ, ಕಾರು ನಿಲ್ಲಿಸುವ ಕಟ್ಟೆ, ಎಲ್ಲ ಒಂದೇ ಸಮನೆ ಬಿಸಿಲಲ್ಲಿ ಬಿದ್ದಿದ್ದವು. ಆಮೇಲೆ ಅವನ ಕಡೆ ತಿರುಗಿದಳು.

"ಇಲ್ಲೇ ಅಂದ್ರ ಎಲ್ಲಿ ಅಂತ ಯಾಕ ಕೇಳ್ಲಿಲ್ಲರಿ ನೀವು?"

ಪ್ರಭುಲಿಂಗಪ್ಪನಿಗೆ ಅದು ಹೊಳೆದೇ ಇರಲಿಲ್ಲ. ಇಷ್ಟು ವರ್ಷ ದೊಡ್ಡ ದೊಡ್ಡವರನ್ನು ಪ್ರಶ್ನೆ ಕೇಳಿದವನು, ಬಂದ ಉತ್ತರದ ಮೇಲೆ ಇನ್ನೊಂದು ಪ್ರಶ್ನೆ ಕೇಳಿದ್ದೇ ಇಲ್ಲ. ಅದರ ಅಗತ್ಯವೇ ಬಿದ್ದಿರಲಿಲ್ಲ. ತಿರುಗಿ ಓಡಬೇಕೆನ್ನುವಷ್ಟರಲ್ಲಿ ಮುಖಂಡರ ಕಾರುಗಳು ಧೂಳೆಬ್ಬಿಸಿ ರಸ್ತೆಗೆ ಇಳಿದಾಗಿತ್ತು. ನಾಲ್ಕು ಗಂಟೆಯ ಬಸ್ಸು ಅವನ ಲಕೋಟೆಯಿಲ್ಲದೆಯೇ ಹೊರಟಿತು.

ಧೂಳು ಕೂತಿತು. ಸಿದ್ದವ್ವ ಚಪ್ಪಲಿ ಬಿಟ್ಟು ಕೈಯಲ್ಲಿ ಹಿಡಿದುಕೊಂಡಳು. ಅದನ್ನು ನೋಡಿ ಪ್ರಭುಲಿಂಗಪ್ಪನೂ ಬಿಟ್ಟ. ಗೇಟು ಎದುರಿಗೇ ಇತ್ತು, ಆದರೆ ಅಲ್ಲಿಗೆ ಹೋಗಲು ಯಾವ ಮಣ್ಣಿನ ಮೇಲೆ ಕಾಲಿಡಬಹುದೆಂದು ಇಬ್ಬರಿಗೂ ತಿಳಿಯಲಿಲ್ಲ.